ಜಾಬ್ ಎಲ್ಲಿ ಕೂತಿದೆ, ಮೊದಲು ಅದನ್ನು ನೋಡಿ

ಪೀಣ್ಯದಂಥ ಕಡೆ ಮಶೀನ್ ಶಾಪ್‌ಗಳಲ್ಲಿ ಹೊಸದಾಗಿ ಸೂಪರ್‌ವೈಸರ್ ಆಗಿರುವ ತಮ್ಮಂದಿರಿಗೆ, ತಂಗಿಯರಿಗೆ ನಾಲ್ಕು ಮಾತು. ‘ವೇಸ್ಟ್ ಕಡಿಮೆ ಮಾಡಿ’ ಎಂದು ಮೇಲಿನವರು ಹೇಳಿದ ಕೂಡಲೇ ನಮ್ಮ ಕಣ್ಣು ಹೋಗುವುದು ಆಪರೇಟರ್ ಮೇಲೆ. ಯಾರು ಟೀಗೆ ಹೋಗಿ ತಡ ಮಾಡಿದರು, ಯಾರು ಸುಮ್ಮನೆ ನಿಂತಿದ್ದಾರೆ ಎಂದು ಹುಡುಕುತ್ತೇವೆ. ಅಲ್ಲಿ ಸಿಗುವುದು ಪುಡಿಗಾಸು. ದೊಡ್ಡ ನಷ್ಟ ಇರುವುದು ಕೆಲಸವನ್ನು ನಾವು ಜೋಡಿಸಿಟ್ಟಿರುವ ರೀತಿಯಲ್ಲಿ. ಟೊಯೊಟಾದ ತಾಯಿಚಿ ಓನೊ ಪಟ್ಟಿ ಮಾಡಿದ ಏಳು ಬಗೆಯ ವ್ಯರ್ಥಗಳನ್ನೇ ನೋಡಿ: ಬೇಕಾದ್ದಕ್ಕಿಂತ ಹೆಚ್ಚು ಮಾಡುವುದು, ಕಾಯುವುದು, ಸಾಗಿಸುವುದು, ಬೇಡದ ಕೆಲಸ, ದಾಸ್ತಾನು, ಅನಗತ್ಯ ಓಡಾಟ, ಕೆಟ್ಟ ಮಾಲು. ಸೋಮಾರಿತನ ಎಂಬುದು ಅದರಲ್ಲಿಲ್ಲ.

• ಒಂದು ಜಾಬ್‌ನ ಹಿಂದೆ ನಡೆಯಿರಿ. ಸ್ಟೋರ್ಸ್‌ನಿಂದ ಬಾರ್ ಹೊರಟಾಗಿನಿಂದ ಡಿಸ್ಪ್ಯಾಚ್ ಆಗುವವರೆಗೆ ಎಲ್ಲಿ ಎಷ್ಟು ಹೊತ್ತು ಇತ್ತು ಎಂದು ಬರೆದುಕೊಳ್ಳಿ. ಟೂಲ್ ಲೋಹಕ್ಕೆ ತಾಗಿದ ನಿಮಿಷಗಳು ಒಂದು ಕಡೆ, ಬಿನ್‌ನಲ್ಲಿ ಕೂತ ದಿನಗಳು ಇನ್ನೊಂದು ಕಡೆ. ಎರಡನ್ನೂ ಕೂಡಿಸಿ ನೋಡಿದರೆ ಎಲ್ಲಿಂದ ಶುರು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಓನೊ ತಮ್ಮ ಎಂಜಿನಿಯರ್‌ಗಳನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ವೃತ್ತದೊಳಗೆ ಗಂಟೆಗಟ್ಟಲೆ ನಿಲ್ಲಿಸಿ, ಬರೀ ನೋಡಲು ಹೇಳುತ್ತಿದ್ದರು.

• ಏಳರಲ್ಲಿ ಹೆಚ್ಚು ಮಾಡುವುದೇ ಎಲ್ಲಕ್ಕಿಂತ ಕೆಟ್ಟದ್ದು. ಓನೊ ಅವರ ಮಾತೂ ಇದೇ, ನನ್ನ ಮಾತೂ ಇದೇ. ಕೇಳದ ಮಾಲು ಮಾಡಿದರೆ ಅದನ್ನಿಡಲು ಬಿನ್ ಬೇಕು, ಜಾಗ ಬೇಕು, ಸಾಗಿಸಲು ಟ್ರಾಲಿ ಬೇಕು, ಎಣಿಸಲು ಒಬ್ಬರು ಬೇಕು, ತುಕ್ಕು ಹಿಡಿಯದಂತೆ ಎಣ್ಣೆ ಬೇಕು. ಉಳಿದ ವ್ಯರ್ಥಗಳೆಲ್ಲ ಅದರ ಬೆನ್ನಿಗೇ ಬರುತ್ತವೆ. ‘ಮಶೀನ್ ಖಾಲಿ ಇದೆ, ಓಡಿಸೋಣ’ ಎಂಬ ಮಾತಿಗೆ ಒಪ್ಪಬೇಡಿ.

• ಮುಂದಿನ ಮಶೀನ್‌ಗೆ ಸ್ವಲ್ಪ ಸ್ವಲ್ಪವೇ ಕಳಿಸಿ. ಲೆಕ್ಕ ಹಾಕಿ ನೋಡಿ: 100 ಪೀಸಿನ ಲಾಟ್, ಮೂರು ಮಶೀನ್, ಪ್ರತಿ ಆಪರೇಷನ್‌ಗೆ 4 ನಿಮಿಷ. ನೂರೂ ಮುಗಿದ ಮೇಲೆ ಕಳಿಸಿದರೆ ಮೊದಲನೇ ಪೀಸ್ ಪೂರ್ತಿಯಾಗಲು 804 ನಿಮಿಷ, ಲಾಟ್ ಮುಗಿಯಲು 1,200 ನಿಮಿಷ, ಅಂದರೆ 20 ಗಂಟೆ. ಹತ್ತು ಹತ್ತಾಗಿ ಕಳಿಸಿದರೆ ಮೊದಲನೆಯದು 84 ನಿಮಿಷಕ್ಕೆ ಕೈಗೆ ಸಿಗುತ್ತದೆ, ಲಾಟ್ 480 ನಿಮಿಷಕ್ಕೆ ಮುಗಿಯುತ್ತದೆ. ಸೆಟ್ಟಿಂಗ್ ಒಂದೂ ಹೆಚ್ಚಾಗಲಿಲ್ಲ, ಯಾರೂ ಬೆವರು ಸುರಿಸಿ ಓಡಲಿಲ್ಲ. ಮೊದಲನೇ ಮಶೀನ್‌ನಲ್ಲಿ ಬೋರ್ ಓವರ್‌ಸೈಜ್ ಆಗಿದ್ದರೆ ಅದು ಗೊತ್ತಾಗುವ ಹೊತ್ತಿಗೆ ನೂರೂ ಕೆಟ್ಟಿರುವುದಿಲ್ಲ. ನನಗೆ ಹಣಕ್ಕಿಂತ ಈ ಲಾಭವೇ ದೊಡ್ಡದು.

• ಸೆಟ್ಟಿಂಗ್ ಬದಲಿಸುವುದನ್ನು ಎರಡು ಭಾಗ ಮಾಡಿ: ಮಶೀನ್ ನಿಲ್ಲಿಸಿಯೇ ಮಾಡಬೇಕಾದ್ದು, ಓಡುತ್ತಿರುವಾಗಲೇ ಮಾಡಿಡಬಹುದಾದ್ದು. ಚಕ್ ನಿಂತ ಮೇಲೆ ಆಲನ್ ಕೀ ಹುಡುಕುವುದು, ಸಾಫ್ಟ್ ಜಾ ತರಲು ಟೂಲ್ ಕ್ರಿಬ್‌ಗೆ ಹೋಗುವುದು, ಪಕ್ಕದ ಮಶೀನ್‌ನವರಿಂದ ಡಯಲ್ ಕೇಳುವುದು, ಡ್ರಾಯಿಂಗ್‌ನ ಹೊಸ ರಿವಿಷನ್ ಯಾರ ಹತ್ತಿರ ಇದೆ ಎಂದು ವಿಚಾರಿಸುವುದು ಎಲ್ಲವೂ ಮೊದಲೇ ಆಗಬಹುದು. ಮುಂದಿನ ಜಾಬ್‌ಗೆ ಬೇಕಾದ್ದನ್ನೆಲ್ಲ ಒಂದು ಟ್ರಾಲಿಯಲ್ಲಿ ಜೋಡಿಸಿ ಮಶೀನ್ ಪಕ್ಕ ನಿಲ್ಲಿಸಿಬಿಡಿ. ಎಂಜಿನಿಯರ್ ಶಿಗೆಯೊ ಶಿಂಗೊ 1969ರ ಹೊತ್ತಿಗೆ ಟೊಯೊಟಾದ 1,000 ಟನ್ ಪ್ರೆಸ್‌ನಲ್ಲಿ ನಾಲ್ಕು ಗಂಟೆಯ ಡೈ ಬದಲಾವಣೆಯನ್ನು ಮೊದಲು 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ಇಳಿಸಿದ್ದು ಇದೇ ವಿಂಗಡಣೆಯಿಂದ. ಸೆಟ್ಟಿಂಗ್ ಸುಲಭವಾದರೆ ಮಾತ್ರ ಚಿಕ್ಕ ಲಾಟ್ ಮಾಡುವ ಧೈರ್ಯ ಬರುತ್ತದೆ.

• ತಪ್ಪು ಕಂಡಲ್ಲಿ ಮಶೀನ್ ನಿಲ್ಲಿಸುವ ಅಧಿಕಾರ ಆಪರೇಟರ್‌ಗೆ ಕೊಡಿ. 1924ರಲ್ಲಿ ಟೊಯೊಟಾ ಸಮೂಹದ ಮೂಲಪುರುಷ ಸಾಕಿಚಿ ಟೊಯೊಡಾ ಪೂರ್ಣಗೊಳಿಸಿದ ಮಗ್ಗ, ನೂಲು ಹರಿದರೆ ತಾನೇ ನಿಲ್ಲುತ್ತಿತ್ತು; ಕೆಟ್ಟ ಬಟ್ಟೆ ನೇಯುತ್ತ ಹೋಗುತ್ತಿರಲಿಲ್ಲ. ನಿಲ್ಲಿಸಿದವರನ್ನು ಬಯ್ದರೆ ನಾಳೆಯಿಂದ ಯಾರೂ ನಿಲ್ಲಿಸುವುದಿಲ್ಲ. ರಿಜೆಕ್ಷನ್ ಗ್ರಾಹಕರ ಗೇಟ್‌ನಿಂದ ವಾಪಸ್ ಬರುತ್ತದೆ. ನಿಂತ ಮೇಲೆ ಯಾಕೆ ಎಂದು ಕೇಳುತ್ತ ಹೋಗಿ. ಫ್ಯೂಸ್ ಹೋಯಿತು, ಯಾಕೆ? ಲೋಡ್ ಹೆಚ್ಚಾಯಿತು, ಯಾಕೆ? ಬೇರಿಂಗ್‌ಗೆ ಎಣ್ಣೆ ಸಾಲಲಿಲ್ಲ, ಯಾಕೆ? ಪಂಪ್ ಸರಿಯಾಗಿ ಎಳೆಯಲಿಲ್ಲ, ಯಾಕೆ? ಅದರ ಶಾಫ್ಟ್ ಸವೆದಿತ್ತು, ಯಾಕೆ? ಜಾಲರಿ ಇಲ್ಲದೆ ಲೋಹದ ಚೂರು ಒಳಗೆ ಹೋಗಿತ್ತು. ಓನೊ ಕೊಡುತ್ತಿದ್ದ ಉದಾಹರಣೆ ಇದು. ಫ್ಯೂಸ್ ಬದಲಿಸಿ ಕೈ ತೊಳೆದುಕೊಂಡಿದ್ದರೆ ಮತ್ತೆ ಅದೇ ಗೋಳು.

• ಡ್ರಾಯಿಂಗ್ ಕೇಳದ ಫಿನಿಷ್ ಕೊಡಬೇಡಿ. ಆರ್‌ಎ 3.2 ಸಾಕು ಎಂದಿರುವ ಕಡೆ 0.8 ಬರುವಂತೆ ಗ್ರೈಂಡಿಂಗ್ ಮಾಡಿದರೆ ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ.

• ದಾಸ್ತಾನೆಲ್ಲ ಪಾಪವಲ್ಲ. ಜಪಾನಿನ 2011ರ ಭೂಕಂಪದ ನಂತರ ಟೊಯೊಟಾವೇ ಚಿಪ್‌ಗಳನ್ನು ತಿಂಗಳುಗಟ್ಟಲೆಗಾಗುವಷ್ಟು ಇಟ್ಟುಕೊಳ್ಳುವಂತೆ ಸರಬರಾಜುದಾರರಿಗೆ ಹೇಳಿತು. ಬರಲು ತಡವಾಗುವ ಇನ್ಸರ್ಟ್, ಒಂದೇ ಕಡೆ ಸಿಗುವ ಸ್ಟೀಲ್ ಇದ್ದರೆ ಇಟ್ಟುಕೊಳ್ಳಿ. ಯಾಕೆ ಇಟ್ಟಿದ್ದೀರಿ ಎಂದು ಕೇಳಿದರೆ ಉತ್ತರ ಇರಬೇಕು, ಅಷ್ಟೇ.

• ತಿಂಗಳ ಕೊನೆಯ ವಾರದ ಓಟ ನಿಲ್ಲಿಸಿ. ಮೊದಲ ಎರಡು ವಾರ ಮಶೀನ್ ಖಾಲಿ, ಕೊನೆಗೆ ಡಬಲ್ ಡ್ಯೂಟಿ ಮಾಡಿದರೆ ರಿಜೆಕ್ಷನ್ ಹೆಚ್ಚುತ್ತದೆ, ಬೆರಳಿಗೆ ಪೆಟ್ಟಾಗುವುದೂ ಆಗಲೇ. ಗ್ರಾಹಕರ ಶೆಡ್ಯೂಲ್ ಹಿಡಿದು ದಿನಕ್ಕಿಷ್ಟು ಎಂದು ಹಂಚಿಕೊಳ್ಳಿ. ಗ್ರಾಹಕರ ಪ್ಲ್ಯಾನಿಂಗ್‌ನವರ ಜತೆ ಜಗಳವಾದರೂ ಸರಿ, ಆ ಮಾತುಕತೆ ಬಿಡಬೇಡಿ.

• ವ್ಯರ್ಥ ಎಲ್ಲಿದೆ ಎಂದು ಆಪರೇಟರ್‌ಗಳಿಗೇ ಚೆನ್ನಾಗಿ ಗೊತ್ತು. ಹೇಳಿದರೆ ತನ್ನ ಕೆಲಸವೇ ಹೋಗುತ್ತದೆ ಎಂಬ ಭಯವಿದ್ದರೆ ಯಾರೂ ಬಾಯಿ ಬಿಡುವುದಿಲ್ಲ, ಬಿಡಲೂಬಾರದು. ಉಳಿದ ಸಮಯದಲ್ಲಿ ಇನ್ನೊಂದು ಮಶೀನ್ ಕಲಿಸಿ, ಮೇಂಟೆನೆನ್ಸ್‌ಗೆ ಹಾಕಿ, ಹೊಸ ಜಾಬ್ ಹಿಡಿಯಿರಿ. ವ್ಯರ್ಥ ಕಡಿಮೆಯಾಯಿತು ಎಂಬ ಕಾರಣಕ್ಕೆ ಕಾಂಟ್ರಾಕ್ಟ್‌ನವರೂ ಸೇರಿ ಒಬ್ಬರನ್ನೂ ತೆಗೆಯುವುದಿಲ್ಲ ಎಂದು ಕೆಲಸ ಶುರುವಾಗುವ ಮೊದಲೇ, ಎಲ್ಲ ಶಿಫ್ಟ್‌ನವರ ಎದುರು, ಮಾಲೀಕರ ಬಾಯಿಂದಲೇ ಹೇಳಿಸಿ.