ಯಾವ ಭಾಷೆಯಲ್ಲಿ ಬರೆಯಬೇಕು? ಆಫ್ರಿಕಾದ ಸಾಹಿತ್ಯ ಕುರಿತು ಒಂದು ಪಾಠ

ತರಗತಿ: 9. ಅವಧಿ: 40 ನಿಮಿಷ.

ಉದ್ದೇಶ: ಆಫ್ರಿಕಾದ ಲೇಖಕರ ಮುಂದಿರುವ ಭಾಷೆಯ ಪ್ರಶ್ನೆಯನ್ನು ವಿದ್ಯಾರ್ಥಿಗಳು ಎರಡೂ ಕಡೆಯಿಂದ ವಿವರಿಸುವರು.

ಪೀಠಿಕೆ: ನಾನು ವಿಜ್ಞಾನದ ಪ್ರಶಿಕ್ಷಣಾರ್ಥಿ. ಕನ್ನಡ ಶಿಕ್ಷಕರು ರಜೆಯಲ್ಲಿದ್ದುದರಿಂದ ಅವರ ಅವಧಿ ನನಗೆ ಬಂತು. ನಕಾಶೆ ತೂಗುಹಾಕಿ, ಆಫ್ರಿಕಾ ಎಂದರೆ ಏನು ನೆನಪಾಗುತ್ತದೆ ಎಂದು ಕೇಳಿದೆ. ಸಿಂಹ, ಮರುಭೂಮಿ, ಕಾಡು ಎಂದರು. ಪುಸ್ತಕ ಎಂದು ಯಾರೂ ಹೇಳಲಿಲ್ಲ.

ವಿಷಯ ನಿರೂಪಣೆ: ನೈಜೀರಿಯಾದ ಚಿನುವಾ ಅಚೆಬೆ ಅವರ ಮನೆಮಾತು ಇಗ್ಬೊ. ಆದರೆ 1958ರಲ್ಲಿ ಪ್ರಕಟವಾದ ಅವರ ಮೊದಲ ಕಾದಂಬರಿ 'ಥಿಂಗ್ಸ್ ಫಾಲ್ ಅಪಾರ್ಟ್' ಇಂಗ್ಲಿಷಿನಲ್ಲಿದೆ. ನೂರಾರು ಭಾಷೆಗಳ ದೇಶದಲ್ಲಿ ಎಲ್ಲರನ್ನೂ ತಲುಪಲು ಇಂಗ್ಲಿಷನ್ನೇ ನಮ್ಮ ಅನುಭವಕ್ಕೆ ಒಗ್ಗಿಸಿಕೊಳ್ಳಬಹುದು ಎಂಬುದು ಅವರ ನಿಲುವು.

ಕೀನ್ಯಾದ ಗೂಗಿ ವಾ ಥಿಯೊಂಗೊ (1938–2025) ಮೊದಲು ಇಂಗ್ಲಿಷಿನಲ್ಲೇ ಬರೆದರು. 1977ರಲ್ಲಿ ಹಳ್ಳಿಯ ಜನರೊಂದಿಗೆ ಗಿಕುಯು ಭಾಷೆಯಲ್ಲಿ ನಾಟಕ ಆಡಿಸಿದಾಗ ಸರ್ಕಾರ ಪ್ರದರ್ಶನ ನಿಲ್ಲಿಸಿತು. ಆ ವರ್ಷದ ಕೊನೆಯ ದಿನ ಬಂಧಿಸಿ, ವಿಚಾರಣೆಯಿಲ್ಲದೆ ಸುಮಾರು ಒಂದು ವರ್ಷ ಸೆರೆಯಲ್ಲಿಟ್ಟಿತು. ಅಲ್ಲಿ ಅವರು ಶೌಚದ ಕಾಗದದ ಮೇಲೆ ಗಿಕುಯುವಿನಲ್ಲಿ ಕಾದಂಬರಿ ಬರೆದರು.

ಈ ಪ್ರಶ್ನೆ ಇಂದಿಗೂ ಮುಗಿದಿಲ್ಲ. ಆಫ್ರಿಕಾದ ಸಣ್ಣಕತೆಗೆ 2000ದಿಂದ ಕೊಡುತ್ತಿರುವ ಕೇನ್ ಪ್ರಶಸ್ತಿ ಬ್ರಿಟನ್ನಿನದು. ಕತೆ ಇಂಗ್ಲಿಷಿನಲ್ಲಿ ಪ್ರಕಟವಾಗಿರಬೇಕು. 2002ರಲ್ಲಿ ಅದನ್ನು ಗೆದ್ದ ಬಿನ್ಯಾವಂಗ ವೈನೈನ ನೈರೋಬಿಯಲ್ಲಿ 'ಕ್ವಾನಿ?' ಪತ್ರಿಕೆ ಕಟ್ಟಿದರು. ಸ್ವಾಹಿಲಿ ಬರವಣಿಗೆಗೆಂದೇ 2014ರಲ್ಲಿ ಒಂದು ಪ್ರಶಸ್ತಿ ಸ್ಥಾಪನೆಯಾಯಿತು.

ವಿದ್ಯಾರ್ಥಿಯ ಪ್ರಶ್ನೆ: "ಸರ್, ಅವರ ಭಾಷೆಯಲ್ಲೇ ಬರೆದರೆ ನಮಗೆ ಹೇಗೆ ಗೊತ್ತಾಗುತ್ತೆ?" ಅನುವಾದದಿಂದ ಎಂದೆ. ಮನುಷ್ಯ ಎರಡು ಕಾಲಿನ ಮೇಲೆ ಏಕೆ ನಡೆಯುತ್ತಾನೆ ಎಂಬ ಗೂಗಿಯವರ ಗಿಕುಯು ಕತೆಯಲ್ಲಿ ಕೈಕಾಲುಗಳ ನಡುವೆ ಸ್ಪರ್ಧೆ ನಡೆಯುತ್ತದೆ. 'ಜಲಡಾ' ಎಂಬ ಆಫ್ರಿಕನ್ ಲೇಖಕರ ಬಳಗ 2016ರಲ್ಲಿ ಅದನ್ನು ಮೂವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಪ್ರಕಟಿಸಿತು. ವಿಜ್ಞಾನದವನಾದ ನನಗೆ ಈ ಕತೆ ಹೇಳುವುದು ಸುಲಭವಾಯಿತು, ತರಗತಿ ನಕ್ಕಿತು.

ಸ್ವ-ಅವಲೋಕನ: ಗೂಗಿಯವರು ಓದಿದ ಶಾಲೆಯಲ್ಲಿ ಗಿಕುಯು ಮಾತಾಡಿ ಸಿಕ್ಕಿಬಿದ್ದ ಮಕ್ಕಳಿಗೆ ಹೊಡೆಯುತ್ತಿದ್ದರು, ಇಲ್ಲವೇ ಹೀಯಾಳಿಸುವ ಫಲಕವನ್ನು ಕೊರಳಿಗೆ ಹಾಕುತ್ತಿದ್ದರು. ಇದನ್ನು ಹೇಳುವಾಗ ನನ್ನ ಮಾತು ತಡವರಿಸಿತು. ಹಿಂದಿನ ದಿನ ತಾಂಡಾದಿಂದ ಬರುವ ಹುಡುಗಿಯೊಬ್ಬಳು ಬೇರಿನ ಕೆಲಸವನ್ನು ಪಕ್ಕದವಳಿಗೆ ಲಂಬಾಣಿಯಲ್ಲಿ ವಿವರಿಸುತ್ತಿದ್ದಳು. "ಕನ್ನಡದಲ್ಲಿ ಮಾತಾಡು" ಎಂದು ಗದರಿದ್ದೆ. ಅವಳು ಸುಮ್ಮನಾಗಿದ್ದಳು. ವಿವರಣೆ ಸರಿಯಿತ್ತೋ ಇಲ್ಲವೋ ನಾನು ಕೇಳಲೇ ಇಲ್ಲ. ಇಂಗ್ಲಿಷಿನ ಎದುರು ಕನ್ನಡದ ಪರ ನಿಲ್ಲುವ ನಾನು, ಅವಳ ಎದುರು ಯಾರ ಜಾಗದಲ್ಲಿ ನಿಂತಿದ್ದೆ?

ಮುಂದಿನ ಪಾಠಕ್ಕೆ ಬದಲಾವಣೆ: ಗುಂಪು ಚರ್ಚೆ ಮನೆಮಾತಿನಲ್ಲಿ, ಉತ್ತರ ಕನ್ನಡದಲ್ಲಿ. ಆ ಹುಡುಗಿಗೆ ಮೊದಲ ಅವಕಾಶ.

ಮೌಲ್ಯಮಾಪನ:
1. ಅಚೆಬೆ ಮತ್ತು ಗೂಗಿ ಅವರ ನಿಲುವುಗಳಲ್ಲಿರುವ ವ್ಯತ್ಯಾಸ ತಿಳಿಸಿರಿ.
2. ಕತೆ ಬರೆಯುವುದಾದರೆ ನೀವು ಯಾವ ಭಾಷೆ ಆರಿಸುವಿರಿ? ಕಾರಣ ಕೊಡಿರಿ.