ದೇಹದ ಗಾತ್ರ, ಸುತ್ತಲಿನ ಪರಿಸರ ಮತ್ತು ಕ್ಯಾನ್ಸರ್



"ನಮ್ಮ ಯಜಮಾನರು ತೆಳ್ಳಗಿದ್ದಾರೆ, ದಿನವೆಲ್ಲ ತೋಟದಲ್ಲಿ ದುಡಿಯುತ್ತಾರೆ. ಅವರಿಗೇಕೆ ಕ್ಯಾನ್ಸರ್ ಬಂತು?" ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಅನೇಕರ ಮನಸ್ಸಿನಲ್ಲಿ ಈ ಪ್ರಶ್ನೆ ಇರುತ್ತದೆ. ದಪ್ಪಗಿರುವವರಿಗೆ ಮಾತ್ರ ಕಾಯಿಲೆ ಎಂಬುದು ತಪ್ಪು ತಿಳುವಳಿಕೆ. ದೇಹದ ಗಾತ್ರ ಒಂದು ಕಾರಣ. ದೇಹದೊಳಗೆ ಏನು ಸೇರುತ್ತದೆ ಎಂಬುದು ಇನ್ನೊಂದು.

ಗಾತ್ರ ಮತ್ತು ಕ್ಯಾನ್ಸರ್

ನಮ್ಮ ದೇಹದ ಜೀವಕೋಶಗಳು ಸದಾ ಒಡೆದು ಎರಡಾಗುತ್ತಿರುತ್ತವೆ. ಆಗ ಆಗುವ ತಪ್ಪುಗಳನ್ನು ದೇಹವೇ ಸರಿಪಡಿಸುತ್ತದೆ. ಸರಿಪಡದ ತಪ್ಪುಗಳು ವರ್ಷಗಟ್ಟಲೆ ಕೂಡಿದಾಗ ಕ್ಯಾನ್ಸರ್ ಹುಟ್ಟಬಹುದು. ಹಾಗಾದರೆ ದೊಡ್ಡ ದೇಹದ ಪ್ರಾಣಿಗೆ ಹೆಚ್ಚು ಕ್ಯಾನ್ಸರ್ ಬರಬೇಕಲ್ಲವೇ? ಆನೆಗೆ ಹಾಗಾಗುವುದಿಲ್ಲ. ಕೆಟ್ಟ ಜೀವಕೋಶವನ್ನು ತಡೆಯುವ ಒಂದು ವಂಶವಾಹಿ ಮನುಷ್ಯರಲ್ಲಿ 1 ಜೊತೆ ಇದ್ದರೆ, ಆನೆಯಲ್ಲಿ ಸುಮಾರು 20 ಜೊತೆ ಇರುವುದನ್ನು ವಿಜ್ಞಾನಿಗಳು 2015ರಲ್ಲಿ ತಿಳಿಸಿದರು. ನಮಗೆ ಅಷ್ಟು ಕಾವಲು ಇಲ್ಲ. ನಾವೇ ಎಚ್ಚರ ವಹಿಸಬೇಕು.

ಮನುಷ್ಯರಲ್ಲಿ ತೊಂದರೆ ಕೊಡುವುದು ಅತಿಯಾದ ಕೊಬ್ಬು. ಅದು ಇನ್ಸುಲಿನ್ ಮತ್ತು ಇತರ ಹಾರ್ಮೋನುಗಳನ್ನು ಏರುಪೇರು ಮಾಡುತ್ತದೆ. ಮುಟ್ಟು ನಿಂತ ನಂತರದ ಸ್ತನ ಕ್ಯಾನ್ಸರ್, ಗರ್ಭಕೋಶ, ದೊಡ್ಡ ಕರುಳು, ಮೂತ್ರಪಿಂಡ ಸೇರಿದಂತೆ 13 ಬಗೆಯ ಕ್ಯಾನ್ಸರಿಗೆ ಬೊಜ್ಜಿನ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ತಿಳಿಸಿತು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟದಿರಲಿ.

ಅಡಿಕೆ: ಬೆಳೆ ಬೇರೆ, ಚಟ ಬೇರೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಭಾಗದಲ್ಲಿ ಅಡಿಕೆಯೇ ಎಷ್ಟೋ ಮನೆಗಳ ಅನ್ನ. ತೋಟದ ಕಾಯಕವನ್ನು ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ತಂಬಾಕು ಬೆರೆಸದ ಬರೀ ಅಡಿಕೆ ಅಗಿದರೂ ಕ್ಯಾನ್ಸರ್ ಬರುತ್ತದೆ ಎಂದು ಅದೇ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಅಡಿಕೆ ಅಗಿಯುತ್ತಾ ಹೋದಂತೆ ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಇದು ಕ್ಯಾನ್ಸರಿಗೆ ಮುನ್ಸೂಚನೆ. ಅಡಿಕೆಯ ಜೊತೆ ತಂಬಾಕು, ಗುಟ್ಕಾ ಸೇರಿದರೆ ಅಪಾಯ ಇನ್ನೂ ಹೆಚ್ಚು. ತೆಳ್ಳಗಿನ ದೇಹ ಇದರಿಂದ ಕಾಪಾಡುವುದಿಲ್ಲ.

ಹೊಗೆ, ಔಷಧಿ, ನೀರು

ಗಾಳಿಯಾಡದ ಅಡುಗೆಮನೆಯ ಸೌದೆ ಹೊಗೆ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ. ಬೀಡಿ, ಸಿಗರೇಟಿನ ವಿಷಯದಲ್ಲಂತೂ ಸಂಶಯವೇ ಇಲ್ಲ. ಬೆಳೆಗೆ ಹೊಡೆಯುವ ಮೆಲಾಥಿಯಾನ್, ಗ್ಲೈಫೋಸೇಟ್‌ಗಳನ್ನು 2015ರಲ್ಲಿ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ ಸೇರಿಸಲಾಗಿದೆ. ಜಗಳೂರು ಕಡೆಯ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್ ಹಲ್ಲು ಮತ್ತು ಮೂಳೆಗಳನ್ನು ಕೆಡಿಸುತ್ತದೆ. ಅದರಿಂದ ಕ್ಯಾನ್ಸರ್ ಬರುತ್ತದೆ ಎಂಬುದು ಸಿದ್ಧವಾಗಿಲ್ಲ. ಆದರೂ ಶುದ್ಧೀಕರಿಸಿದ ನೀರನ್ನೇ ಕುಡಿಯಿರಿ.

ನೀವು ಮಾಡಬೇಕಾದುದು

1. ಅಡಿಕೆ, ತಂಬಾಕು, ಗುಟ್ಕಾ ಇಂದೇ ಬಿಡಿ. ಬಿಟ್ಟವರಲ್ಲಿ ಬಾಯಿ ಕ್ಯಾನ್ಸರಿನ ಅಪಾಯ ಇಳಿಯುತ್ತದೆ.
2. ನಿಮ್ಮ 3 ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಟ್ಟು ನೋಡಿ. ಹಿಡಿಸದಿದ್ದರೆ ವೈದ್ಯರಿಗೆ ತೋರಿಸಿ.
3. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, 2 ವಾರಕ್ಕೂ ಮಾಯದ ಹುಣ್ಣು, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡರೆ ತಡಮಾಡಬೇಡಿ.
4. ಔಷಧಿ ಹೊಡೆಯುವಾಗ ಮೈತುಂಬ ಬಟ್ಟೆ, ಕೈಗವಸು, ಮುಖಗವಸು ಇರಲಿ. ಗಾಳಿಗೆ ಎದುರಾಗಿ ಹೊಡೆಯಬೇಡಿ. ಕೆಲಸ ಮುಗಿದ ಕೂಡಲೇ ಸ್ನಾನ ಮಾಡಿ.
5. ದಿನಕ್ಕೆ 30 ನಿಮಿಷ ನಡೆಯಿರಿ. ರಾಗಿ, ಕಾಳು, ಸೊಪ್ಪು ಹೆಚ್ಚಿರಲಿ. ಸಕ್ಕರೆ, ಕರಿದ ತಿಂಡಿ ಕಡಿಮೆಯಿರಲಿ.
6. 30 ವರ್ಷ ದಾಟಿದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಾಯಿ, ಸ್ತನ, ಗರ್ಭಕೋಶದ ಕೊರಳಿನ ತಪಾಸಣೆಯ ಬಗ್ಗೆ ವಿಚಾರಿಸಿ. ಆಶಾ ಕಾರ್ಯಕರ್ತೆಯರು ಮಾಹಿತಿ ಕೊಡುತ್ತಾರೆ.

ಬಂಧುಗಳಲ್ಲಿ ಒಂದು ವಿನಂತಿ

ತೂಕದ ಈ ಮಾತು ಆರೋಗ್ಯವಾಗಿರುವವರಿಗೆ. ಚಿಕಿತ್ಸೆಯಲ್ಲಿರುವ ರೋಗಿಯನ್ನು ಉಪವಾಸ ಕೆಡವಬೇಡಿ, ಪಥ್ಯದ ಹೆಸರಿನಲ್ಲಿ ಊಟ ಕಡಿಮೆ ಮಾಡಬೇಡಿ. ಅವರಿಗೆ ಶಕ್ತಿ ಬೇಕು. ಊಟದ ಬಗ್ಗೆ ವೈದ್ಯರನ್ನು ಕೇಳಿ. "ನೀನೇ ತಂದುಕೊಂಡೆ" ಎಂಬ ಮಾತು ಬೇಡ. ಒಬ್ಬರಿಗೆ ಏಕೆ ಬಂತೆಂದು ಖಚಿತವಾಗಿ ಹೇಳುವುದು ಬಹಳ ಸಲ ಸಾಧ್ಯವಿಲ್ಲ. ಅವರ ಪಕ್ಕದಲ್ಲಿ ಕುಳಿತಿರುವ ನೀವು ಇಂದು ಬಾಯಲ್ಲಿರುವ ಅಡಿಕೆಯನ್ನು ಉಗಿದರೆ, ಅದೇ ಅವರಿಗೆ ಮಾಡುವ ದೊಡ್ಡ ಸೇವೆ.