ಹೊರಾಂಗಣ ವೈ-ಫೈ ಅಳವಡಿಕೆ: ಸದಸ್ಯರು ಪರಿಶೀಲಿಸಬೇಕಾದ ಅಂಶಗಳು

ಗ್ರಾಮ ಪಂಚಾಯಿತಿ ಕಚೇರಿಗೆ ಬರುವ ಭಾರತ್‌ನೆಟ್ ಸಂಪರ್ಕವನ್ನು ಹೊರಾವರಣಕ್ಕೆ ತಲುಪಿಸುವ ಸಾಧನವೇ ಹೊರಾಂಗಣ ಆಕ್ಸೆಸ್ ಪಾಯಿಂಟ್. ಕಾಮಗಾರಿ ಬಿಲ್ಲಿಗೆ ಅನುಮೋದನೆ ನೀಡುವ ಮುನ್ನ ಸದಸ್ಯರು ಸ್ಥಳದಲ್ಲಿಯೇ ಕೆಳಕಂಡ ಅಂಶಗಳನ್ನು ಖಚಿತಪಡಿಸಿಕೊಳ್ಳುವುದು.

1. ಸ್ಥಳ: ಜನರು ಬಳಸುವ ಜಾಗದಿಂದ ಸಾಧನವು ನೇರವಾಗಿ ಕಾಣುವಂತಿರಬೇಕು. ದಟ್ಟ ಮರ, ತಗಡಿನ ಚಾವಣಿ ಅಡ್ಡವಿದ್ದರೆ ಸಿಗ್ನಲ್ ಕುಗ್ಗುತ್ತದೆ.

2. ಕೇಬಲ್: ಈಥರ್ನೆಟ್ ಕೇಬಲ್ ಹೊರಾಂಗಣ ದರ್ಜೆಯದಾಗಿರಬೇಕು, 100 ಮೀಟರ್ ಮೀರಬಾರದು. ಅದು ಸಾಧನದ ಕೆಳಭಾಗದಿಂದಲೇ ಒಳಸೇರಬೇಕು. ಮಳೆನೀರು ತೊಟ್ಟಿಕ್ಕಿ ಹೋಗುವಂತೆ ಅದಕ್ಕೂ ಮೊದಲು ಕೇಬಲನ್ನು ತುಸು ಇಳಿಬಿಟ್ಟಿರಬೇಕು.

3. ಅರ್ಥಿಂಗ್: ಲೋಹದ ಕಂಬ ಹಾಗೂ ಸರ್ಜ್ ಪ್ರೊಟೆಕ್ಟರ್ ಎರಡಕ್ಕೂ ಅರ್ಥಿಂಗ್ ಕಡ್ಡಾಯ. ಇಲ್ಲದಿದ್ದಲ್ಲಿ, ಸಮೀಪದಲ್ಲಿ ಸಿಡಿಲೆರಗಿದಾಗ ಅದೇ ಕೇಬಲ್ ಮೂಲಕ ಕಚೇರಿಯ ಕಂಪ್ಯೂಟರುಗಳಿಗೂ ಹಾನಿಯಾಗಬಹುದು.

ಮೊದಲೆರಡು ಅಂಶಗಳನ್ನು ಯಾವಾಗಲಾದರೂ ನೋಡಬಹುದು. ಅರ್ಥಿಂಗ್ ಗುಂಡಿಯನ್ನು ಮಾತ್ರ ಮುಚ್ಚುವ ಮುನ್ನವೇ ನೋಡತಕ್ಕದ್ದು.